ಎಲುಬಿಗೆ ನೆಟ್ಟ ಬಾಂದುಕಲ್ಲು

ದೊಡ್ಡಬಳ್ಳಾಪುರ ತಾಲ್ಲೂಕಿನ ನಮ್ಮ ಮಧುರೆಯಲ್ಲಿ ಶನಿವಾರ ಬಂತೆಂದರೆ ಶನಿಮಹಾತ್ಮನ ಸನ್ನಿಧಿಗೆ ಪ್ರದಕ್ಷಿಣೆ ಬರುವ ವೃದ್ಧರಲ್ಲಿ ನಡುವೆ ಮಂಡಿ ಹಿಡಿದು ನಿಲ್ಲುವವರ ಸಂಖ್ಯೆ ಕಡಮೆಯೇನಲ್ಲ. ದೇವರೂ ಪುರಾಣಪ್ರಸಿದ್ಧನಾದ ಪಂಗು, ಮಂದಗಾಮಿ, ಆದುದರಿಂದ ಭಕ್ತರ ನಡಿಗೆಯನ್ನು ಆತನು ಆಕ್ಷೇಪಿಸಲಾರನು. ಅಂಥವರಲ್ಲೊಬ್ಬರಾದ ನನ್ನ ಸೋದರತ್ತೆ ಪಟ್ಟಣದಲ್ಲಿ ಕಂಪ್ಯೂಟರಿನ ನೆರವಿನಿಂದ ಮಂಡಿಕೀಲು ಬದಲಿಸಿಕೊಂಡು ಬಂದಾಗ ನನಗೆ ತೋರಿಸಿದ್ದು ಮಂಡಿಯ ಮೇಲಣ ಉದ್ದನೆಯ ಗಾಯವನ್ನಲ್ಲ. ಅದಕ್ಕೆ ಒಂದು ಗೇಣು ಕೆಳಗೆ, ಕಣಕಾಲಿನ ಮುಂಬದಿಯಲ್ಲಿ, ಹುಣಸೆಬೀಜದಷ್ಟೂ ಇಲ್ಲದ ಎರಡು ಕಲೆಗಳನ್ನು. "ಇಲ್ಲೇನು ರೋಗ ಇತ್ತಪ್ಪಾ, ಇಲ್ಲ್ಯಾಕೆ ತೂತು ಹಾಕವ್ರೆ?"

1997ರ ಜನವರಿಯಲ್ಲಿ ಫ್ರಾನ್ಸಿನ ಗ್ರೆನೋಬ್ಲ್ ನಗರದಲ್ಲಿ ಮೊದಲು ರೋಗಿಯ ಮೇಲೆ ಪ್ರಯುಕ್ತವಾದ ಈ ಕಂಪ್ಯೂಟರ್ ನೆರವಿನ ವಿಧಾನದಲ್ಲಿ, ತೊಡೆಯೆಲುಬಿಗೂ ಕಣಕಾಲೆಲುಬಿಗೂ ಮೂರು ನಾಲ್ಕು ಮಿಲಿಮೀಟರ್ ದಪ್ಪದ ಪಿನ್ನುಗಳನ್ನು, ಸಾಮಾನ್ಯವಾಗಿ ಎರಡೆರಡರಂತೆ, ಕೊರೆದು ಕೂರಿಸಿ, ಅವುಗಳ ತುದಿಗೆ ಹೊಳೆಯುವ ಗುಂಡುಗಳುಳ್ಳ ಟ್ರ್ಯಾಕರನ್ನು ಬಿಗಿಯುತ್ತಾರೆ. ಅವಕೆಂಪು ಬೆಳಕಿನ ಕ್ಯಾಮೆರಾ ಆ ಗುಂಡುಗಳ ಚಲನೆಯನ್ನೇ ಹಿಂಬಾಲಿಸಿ, ತೊಡೆಯನ್ನು ಸುತ್ತ ತಿರುಗಿಸಿದಾಗ ಸೊಂಟದ ಕೀಲಿನ ಕೇಂದ್ರವನ್ನು ಗಣಿಸಿ, ಎಲುಬನ್ನು ಎಷ್ಟು ಡಿಗ್ರಿಗೆ ಕೊಯ್ಯಬೇಕೆಂಬುದನ್ನು ಪರದೆಯ ಮೇಲೆ ಬರೆಯುತ್ತದೆ.

ಕ್ಯಾಮೆರಾ ಕಾಣುವುದು ಗುಂಡನ್ನೇ ಹೊರತು ಎಲುಬನ್ನಲ್ಲ. ಹೊಲದ ಬಾಂದುಕಲ್ಲನ್ನು ಯಾರೋ ರಾತ್ರೋರಾತ್ರಿ ಮೊಳದಷ್ಟು ಸರಿಸಿಟ್ಟರೆ ಮರುದಿನ ಸರಪಳಿ ಎಷ್ಟು ನೆಟ್ಟಗೆ ಎಳೆದರೂ ಅಳತೆ ಹೇಗೆ ಸುಳ್ಳಾಗುವುದೋ ಹಾಗೆಯೇ, ಮುಪ್ಪಿನ ಟೊಳ್ಳೆಲುಬಿನಲ್ಲಿ ಪಿನ್ನು ಸಡಿಲಿದರೆ, ಸಹಾಯಕನ ಮೊಳಕೈ ಟ್ರ್ಯಾಕರಿಗೆ ತಗುಲಿದರೆ, ಯಂತ್ರವು ಅದೇ ಠೀವಿಯಿಂದ ತಪ್ಪು ಅಂಕಿಯನ್ನು ನುಡಿಯುತ್ತದೆ. ನುರಿತ ವೈದ್ಯರು ಮೊದಲೇ ಗುರುತಿಟ್ಟ ಬಿಂದುವನ್ನು ನಡುನಡುವೆ ಸೂಚಿಯಿಂದ ಮುಟ್ಟಿ ತಾಳೆ ನೋಡುವುದು ಈ ಕಾರಣದಿಂದಲೇ. ಪಿನ್ನು ಕಿತ್ತ ರಂಧ್ರದಲ್ಲಿ ವಾರಗಳ ತರುವಾಯ ಎಲುಬು ಮುರಿದದ್ದೂ ಉಂಟು. ಅದು ಅಪರೂಪ, ದಿಟ. ಆದರೆ ಮುರಿಯುವುದು ರೋಗವೇ ಇಲ್ಲದಿದ್ದ ಜಾಗ.

ಕಂಪ್ಯೂಟರಿಲ್ಲದ ಹಳೆಯ ಪದ್ಧತಿಯೇನೂ ನಿರುಪದ್ರವಿಯಲ್ಲ: ಅದು ತೊಡೆಯೆಲುಬಿನ ಮಜ್ಜೆಯೊಳಗೆ ಉದ್ದನೆಯ ಸಲಾಕೆಯನ್ನೇ ತೂರಿಸುತ್ತದೆ. ಹಿಂದೆ ಮುರಿದು ಸೊಟ್ಟಗೆ ಕೂಡಿಕೊಂಡ ತೊಡೆಯಲ್ಲಿ ಆ ಸಲಾಕೆ ಹೋಗಲೊಲ್ಲದು. ಅಲ್ಲಿ ಟ್ರ್ಯಾಕರಿನ ಉಪಕಾರ ನಿಸ್ಸಂದಿಗ್ಧ. ಸಾಮಾನ್ಯ ಮಂಡಿಯಲ್ಲಿ ಮಾತ್ರ, ಕಾಲಿನ ರೇಖೆ ನೇರದಿಂದ ಮೂರು ಡಿಗ್ರಿಯೊಳಗೆ ನಿಲ್ಲುವ ಸಂಭವ ಹೆಚ್ಚಿದರೂ, ನೋವು ನಡಿಗೆಗಳಲ್ಲಿ ರೋಗಿಗೆ ದೊರೆವ ಅಧಿಕ ಫಲ ಅಷ್ಟೇ ಸ್ಪಷ್ಟವಾಗಿ ಸಿದ್ಧಪಟ್ಟಿಲ್ಲವಾದುದರಿಂದ, ಆ ಎರಡು ತೂತುಗಳನ್ನು ಲೆಕ್ಕಕ್ಕೆ ಬಾರದ ಸಂಗತಿಯೆಂದು ತಳ್ಳಿಹಾಕುವುದು ನನಗೆ ಒಪ್ಪಿತವಲ್ಲ. ಅತ್ತೆಯವರು ಹೆಬ್ಬೆಟ್ಟೊತ್ತಿದ ಒಪ್ಪಿಗೆಪತ್ರವನ್ನು ತೆಗೆದು ಓದಿದೆನು: ಮಂಡಿಯ ಹೆಸರು ಮೂರು ಕಡೆ ಇತ್ತು, ಕಣಕಾಲಿನದು ಎಲ್ಲಿಯೂ ಇರಲಿಲ್ಲ.