ವಾರಸುದಾರರಿಲ್ಲದ ಅನುವಾದ

ನಿಮ್ಮ ಮಕ್ಕಳು ಶಾಲೆಯ ಪ್ರಬಂಧಕ್ಕಾಗಿ ಕನ್ನಡ ವಿಕಿಪೀಡಿಯವನ್ನು ತೆರೆದಾಗ ಒಮ್ಮೆ ಪಕ್ಕದಲ್ಲಿ ಕುಳಿತು ಓದಿರಿ. 2003ರಲ್ಲಿ ಆರಂಭವಾದ, ಸ್ವಯಂಸೇವಕರು ಕಟ್ಟಿದ ಈ ವಿಶ್ವಕೋಶದಲ್ಲಿ ಅಚ್ಚುಕಟ್ಟಾದ ಬರಹಗಳ ನಡುವೆ, ಅತಿ ದೀರ್ಘವೂ ದುರ್ಬೋಧವೂ ಆದ ಲೇಖನಗಳು ಎದುರಾಗುತ್ತವೆ. ಅವುಗಳಲ್ಲಿ ಅನೇಕವು 2009ರಿಂದ ಒಂದೆರಡು ವರ್ಷ ಗೂಗಲ್ ಸಂಸ್ಥೆಯು ಸಂಬಳದ ಅನುವಾದಕರಿಂದ ಇಂಗ್ಲಿಷಿನಿಂದ ಮಾಡಿಸಿ ಸೇರಿಸಿದಂಥವು.

ಉದ್ದೇಶ ಒಳ್ಳೆಯದೇ, ದೋಷವಿದ್ದುದು ಕ್ರಮದಲ್ಲಿ. ವಿಷಯಗಳನ್ನು ಆರಿಸಿದವರು ಒಬ್ಬರು, ಅನುವಾದಿಸಿದವರು ಇನ್ನೊಬ್ಬರು. ತಿದ್ದುವ ಹೊಣೆ ಮಾತ್ರ ಬೆರಳೆಣಿಕೆಯ ಕನ್ನಡ ಸ್ವಯಂಸೇವಕರ ಹೆಗಲೇರಿತು. ಇಂಗ್ಲಿಷಿನ ಉದ್ದುದ್ದ ಉಪವಾಕ್ಯಗಳು ಕನ್ನಡಕ್ಕೆ ಬಂದು 'ಯಾವುದು, ಅದು' ಎಂದು ತೊದಲುತ್ತ ಕ್ರಿಯಾಪದಕ್ಕಾಗಿ ಹುಡುಕಾಡುತ್ತವೆ. ತಮಿಳು ವಿಕಿಪೀಡಿಯದವರು ಜಾಣರು: ಗೂಗಲ್‌ನೊಂದಿಗೆ ಚರ್ಚಿಸಿ, ವಿಷಯದ ಆಯ್ಕೆ ಹಾಗೂ ತಿದ್ದುಪಡಿಗಳಲ್ಲಿ ತಮ್ಮ ಮಾತೂ ನಡೆಯುವಂತೆ ಮಾಡಿಕೊಂಡರು.

ಇನ್ನೊಂದು ಕೊರತೆ ಸುಲಭವಾಗಿ ಕಾಣದು. ಮೂಲ ಲೇಖನ ಪರಿಷ್ಕಾರಗೊಳ್ಳುತ್ತಲೇ ಇರುತ್ತದೆ. ಅನುವಾದ ಮುಗಿದ ದಿನಕ್ಕೇ ನಿಂತುಬಿಡುತ್ತದೆ. 2015ರಲ್ಲಿ ಬಂದ ವಿಕಿಪೀಡಿಯದ ಸ್ವಂತ ಅನುವಾದ ಸಾಧನವು, ಯಂತ್ರ ಕೊಟ್ಟ ವಾಕ್ಯಗಳನ್ನು ತಿದ್ದದೆ ಬಿಟ್ಟರೆ ಎಚ್ಚರಿಸುತ್ತದೆ, ಮೆಚ್ಚತಕ್ಕದ್ದೇ. ಆದರೆ ಪ್ರಕಟಣೆಯ ನಂತರ ಮೂಲದಲ್ಲಾದ ತಿದ್ದುಪಡಿಗಳು ಕನ್ನಡ ಪುಟಕ್ಕೆ ತಾವಾಗಿ ಹರಿದು ಬರುವುದಿಲ್ಲ. ಯಾರಾದರೂ ಕುಳಿತು ಹೋಲಿಸಬೇಕು. ಅಲ್ಲಿಯತನಕ ಹಳೆಯ ಅಂಕಿಯನ್ನೇ ನಿಮ್ಮ ಮಗಳು ಇಂದಿನದೆಂದು ನಂಬಿ ಬರೆದುಕೊಳ್ಳುತ್ತಾಳೆ.