ಅಕ್ಷರವೆಂಬ ಘಟಕ ಮತ್ತು ಎಡಿಟರಿನ ಆಯ್ಕೆ: ಜಾಲತಾಣ ರೂಪಿಸುವವರ ಸಂಕೇತಶಿಸ್ತಿನ ಭಾಷಾವೈಜ್ಞಾನಿಕ ವಿಮರ್ಶೆ

ಜಾಲತಾಣ ರೂಪಿಸುವವರ ಚರ್ಚೆಗಳಲ್ಲಿ ಎರಡು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಕೋಡ್ ಬರೆಯುವಾಗ ಪಾಲಿಸಬೇಕಾದ ಶಿಸ್ತು ಯಾವುದು ಎಂಬುದು ಒಂದು. ಬಳಕೆದಾರರು ಪಠ್ಯವನ್ನು ಊಡಿಸಲು ಯಾವ ರಿಚ್ ಟೆಕ್ಸ್ಟ್ ಎಡಿಟರನ್ನು ಆರಿಸಬೇಕು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರವಾಗಿ ಹೆಸರಿಡುವ ಕ್ರಮ, ಸಾಲಿನ ಅಂಚು, ಟ್ಯಾಗುಗಳ ಅರ್ಥಬದ್ಧ ಬಳಕೆ ಇವುಗಳ ಮಾತು ನಡೆಯುತ್ತದೆ. ಎರಡನೆಯದಕ್ಕೆ ಪರವಾನಗಿ, ಗಾತ್ರ, ವೇಗ ಮತ್ತು ಗುಂಡಿಗಳ ಸಾಲು. ಎರಡರಲ್ಲೂ ಪಠ್ಯವೆಂಬುದು ಒಳಗೇನಿದೆಯೆಂದು ನೋಡಬೇಕಾಗಿಲ್ಲದ ಮೂಟೆಯಂತೆ ಸಾಗುತ್ತದೆ. ಈ ಉದಾಸೀನವನ್ನು ಪ್ರಸ್ತುತ ಲೇಖನ ಪ್ರಶ್ನಿಸುತ್ತದೆ. ಪ್ರತಿಯೊಂದು ಸಂಕೇತಪದ್ಧತಿಯೂ ಪ್ರತಿಯೊಂದು ಎಡಿಟರೂ ಬರವಣಿಗೆಯ ಘಟಕ ಯಾವುದೆಂಬ ಬಗ್ಗೆ ಒಂದು ಸಿದ್ಧಾಂತವನ್ನು ಹೊತ್ತಿರುತ್ತವೆ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೆ. ನಿದರ್ಶನಕ್ಕೆ ದೂರ ಹೋಗಬೇಕಿಲ್ಲ. 'ಚಾಮರಾಜನಗರ', 'ಗುಂಡ್ಲುಪೇಟೆ' ಎಂಬ ಎರಡು ಸ್ಥಳನಾಮಗಳೇ ಸಾಕು.

ಕನ್ನಡ ಗಣಕ ಪರಿಷತ್ತು ರೂಪಿಸಿದ, ರಾಜ್ಯ ಸರ್ಕಾರವು ಒಪ್ಪಿಕೊಂಡ 'ನುಡಿ' ತಂತ್ರಾಂಶದ ಹಳೆಯ ಅಕ್ಷರಶೈಲಿಗಳಲ್ಲಿ 'ಚಾಮರಾಜನಗರ' ಎಂದು ಬೆರಳಚ್ಚಿಸಿದರೆ ಕಡತದಲ್ಲಿ 14 ಸಂಕೇತಗಳು ಕೂಡುತ್ತವೆ. ಯೂನಿಕೋಡಿನಲ್ಲಿ 9. ವ್ಯತ್ಯಾಸ ಕೇವಲ ಸಂಖ್ಯೆಯದಲ್ಲ. ನುಡಿಯ ಸಂಕೇತದಲ್ಲಿ 'ಗ' ಎಂಬುದು ಎರಡು ತುಂಡು: ತಲೆಯಿಲ್ಲದ ಒಂದು ಒಡಲು, ಅದರ ಮೇಲಿನ ತಲೆಕಟ್ಟು. 'ನ' ಕೂಡ ಹಾಗೆಯೇ. ಆದರೆ 'ಜ' ಒಂದೇ ತುಂಡು, ಏಕೆಂದರೆ ಅದಕ್ಕೆ ಕಣ್ಣಿಗೆ ಕಾಣುವ ತಲೆಕಟ್ಟಿಲ್ಲ. 'ಮ' ಮೂರು ತುಂಡು: 'ವ'ಕಾರದ ಒಡಲು, ತಲೆಕಟ್ಟು, ಬಲಕ್ಕೆ ಕೊಂಬು. 'ಗುಂಡ್ಲುಪೇಟೆ'ಯ 'ಗು'ವಿನಲ್ಲಿ ಬರುವ ಕೊಂಬಿಗೂ 'ಚಾಮರಾಜನಗರ'ದ 'ಮ'ದಲ್ಲಿ ಬರುವ ಕೊಂಬಿಗೂ ಸಂಕೇತ ಒಂದೇ. ಮೊದಲನೆಯದು 'ಉ' ಎಂಬ ಸ್ವರ. ಎರಡನೆಯದು ಸ್ವರವೇ ಅಲ್ಲ, ವ್ಯಂಜನದ ಆಕಾರದ ಒಂದು ಅಂಗ.

ಇದನ್ನು ತಾಂತ್ರಿಕ ಅನಿವಾರ್ಯತೆಯೆಂದು ಬದಿಗಿಡುವುದು ಸುಲಭ. ಅಚ್ಚಿನ ಮೊಳೆಗಳ ತರ್ಕವೇ ಇಲ್ಲಿ ಗಣಕಕ್ಕೆ ಬಂದಿದೆ ಎಂಬುದೂ ನಿಜ. ಆದರೆ ಶಾಲೆಯ ಕಾಗುಣಿತವೂ 'ಕ'ಕಾರಕ್ಕೆ ತಲೆಕಟ್ಟು ಕೊಟ್ಟೇ 'ಕ' ಎನ್ನುತ್ತದೆ. ಅಂದರೆ ಅಂತರ್ಗತ 'ಅ'ಕಾರಕ್ಕೆ ಒಂದು ಗೋಚರ ಚಿಹ್ನೆಯಿದೆ ಎಂಬುದು ನಮ್ಮ ಸಾಂಪ್ರದಾಯಿಕ ಲಿಪಿವಿವರಣೆಯ ಗ್ರಹಿಕೆ. ನುಡಿಯ ಸಂಕೇತ ಅದನ್ನೇ ಅಕ್ಷರಶಃ ಪಾಲಿಸಿದೆ. ಆ ಗ್ರಹಿಕೆ ಎಲ್ಲಿ ಸೋಲುತ್ತದೆಂಬುದೂ ಅಲ್ಲಿಯೇ ಬಯಲಾಗುತ್ತದೆ. ಜ, ಟ, ಣ, ಬ, ಲ ಇವುಗಳಿಗೆ ತಲೆಕಟ್ಟಿಲ್ಲ, ಆದರೂ 'ಅ'ಕಾರವಿದೆ. 'ಕಾ' ಎಂಬಲ್ಲಿ ತಲೆಕಟ್ಟು ದೀರ್ಘದಲ್ಲಿ ಕರಗಿಹೋಗಿದೆ. 'ಗು' ಎಂಬಲ್ಲಿ ತಲೆಕಟ್ಟು ಉಳಿದಿದೆ, 'ಅ'ಕಾರ ಇಲ್ಲ. ಲಿಪಿಶಾಸ್ತ್ರದ ತರಗತಿಯಲ್ಲಿ ಅಕ್ಷರ ಮತ್ತು ಆಕಾರಗಳ ಭೇದವನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಸಾಮಗ್ರಿ ಸಿಗಲಾರದು.

ಅನುಕ್ರಮದ ಸಮಸ್ಯೆ ಇನ್ನೂ ಗಂಭೀರ. 'ಡ್ಲು' ಎಂಬಲ್ಲಿ ಉಚ್ಚಾರದ ಕ್ರಮ ಡ್, ಲ್, ಉ. ಯೂನಿಕೋಡ್ ಇದೇ ಕ್ರಮವನ್ನು ಕಾಯುತ್ತದೆ. ನುಡಿಯ ಹಳೆಯ ಕಡತದಲ್ಲಿ ಡ, ಕೊಂಬು, ಆಮೇಲೆ ಲಕಾರದ ಒತ್ತು. 'ಕರ್ನಾಟಕ'ದಲ್ಲಿ ಅರ್ಕಾವೊತ್ತು 'ನಾ' ಆದಮೇಲೆ ಬರುತ್ತದೆ. ಇಂಥ ಕಡತದ ಮೇಲೆ ರಕಾರಪೂರ್ವ ಸಂಯುಕ್ತಗಳನ್ನು ಹುಡುಕುವ ಸಂಶೋಧಕನಿಗೆ ರಕಾರ ಎಲ್ಲಿಯೂ ಪೂರ್ವದಲ್ಲಿ ಸಿಗುವುದಿಲ್ಲ. ಪರಿವರ್ತಕ ತಂತ್ರಾಂಶಗಳು ಕ್ರಮವನ್ನು ಮರಳಿ ಜೋಡಿಸುತ್ತವೆ. ಆದರೆ ಅವು ಜೋಡಿಸುವುದು ಶಿಷ್ಟ ಕನ್ನಡದಲ್ಲಿ ನಿರೀಕ್ಷಿತವಾದ ಸಂಯೋಗಗಳ ಪಟ್ಟಿಯನ್ನು ನಂಬಿ. ಆಡುಮಾತಿನ ಲಿಪ್ಯಂತರದಲ್ಲಿ ಬರುವ ಅನಿರೀಕ್ಷಿತ ಸಂಯೋಗಗಳೇ ಮೊದಲು ಕೆಡುತ್ತವೆ. ನಮ್ಮ ಭಾಗಕ್ಕೆ ಇದು ಸಣ್ಣ ವಿಷಯವಲ್ಲ. ದೇವರಗುಡ್ಡರು ಹಾಡುವ ಮಾದೇಶ್ವರನ ಕಾವ್ಯ, ನೀಲಗಾರರು ಹಾಡುವ ಮಂಟೇಸ್ವಾಮಿಯ ಕಾವ್ಯ ಇವುಗಳ ಭಾಷೆ ಈ ಸೀಮೆಯ ಆಡುಮಾತು. ಅದರ ಬರಹರೂಪ ಜಾಲಕ್ಕೆ ಏರುವಾಗ ಪರಿವರ್ತಕವೂ ಎಡಿಟರೂ ನಡುವೆ ನಿಂತು ತಿದ್ದಿದರೆ, ಮುಂದಿನ ಉಪಭಾಷಾ ಅಧ್ಯಯನ ತಿದ್ದಿದ್ದನ್ನೇ ಮೂಲವೆಂದು ಓದುತ್ತದೆ.

ಇಲ್ಲಿ ಪರಿಭಾಷೆಯ ಗೊಂದಲವೊಂದನ್ನು ಹೇಳಿ ಮುಂದೆ ಹೋಗಬಹುದು. 'ನುಡಿಯಲ್ಲಿ ಟೈಪ್ ಮಾಡಿ ಕಳಿಸಿ' ಎಂಬ ವಾಕ್ಯದಲ್ಲಿ 'ನುಡಿ' ಎಂದರೆ ಕೀಲಿಮಣೆ ವಿನ್ಯಾಸವೋ, ಅಕ್ಷರಶೈಲಿಯೋ, ಸಂಕೇತಪದ್ಧತಿಯೋ ತಿಳಿಯದು. ಕೆ. ಪಿ. ರಾವ್ ಅವರ ಚಿಂತನೆಯಿಂದ ಬಂದ ಕೀಲಿಮಣೆ ವಿನ್ಯಾಸ ಧ್ವನಿಮಾತ್ಮಕವಾದುದು: ವ್ಯಂಜನ ಮೊದಲು, ಸ್ವರ ಆಮೇಲೆ. ಅದನ್ನು ಬಳಸಿ ತುಂಬಿದ ಕಡತ ಮಾತ್ರ ಆಕಾರಾತ್ಮಕ. ಬೆರಳು ಧ್ವನಿಮಾವನ್ನು ಒತ್ತಿದೆ, ಕಡತ ಮೊಳೆಯನ್ನು ಹಿಡಿದಿದೆ. ಇಂಥ ಕಡತಗಳನ್ನು 'ಆಸ್ಕಿ' ಎನ್ನುವ ರೂಢಿಯೂ ಸರಿಯಲ್ಲ. ಆಸ್ಕಿ 128 ಸ್ಥಾನಗಳ ಪದ್ಧತಿ. ಕನ್ನಡದ ತಲೆಕಟ್ಟು ಅಡಗಿರುವುದು ಅದರಾಚೆಯ ಸ್ಥಾನದಲ್ಲಿ, ಫ್ರೆಂಚರ ಓರೆಗೆರೆಯ 'ಎ'ಕಾರದ ವೇಷದಲ್ಲಿ.

ಈ ಹಿನ್ನೆಲೆಯಲ್ಲಿ ಡೆವಲಪರ್‌ಗಳ ಅತ್ಯಂತ ಗೌರವಾನ್ವಿತ ನಿಯಮವೊಂದನ್ನು ಪರಿಶೀಲಿಸಬೇಕು: ವಿಷಯ ಬೇರೆ, ರೂಪ ಬೇರೆ. ಫಾಂಟ್ ಟ್ಯಾಗನ್ನು 1997ರ ಎಚ್‌ಟಿಎಂಎಲ್ 4 ನಿರುತ್ಸಾಹಗೊಳಿಸಿತು, ಮುಂದೆ ಎಚ್‌ಟಿಎಂಎಲ್ 5 ಅದನ್ನು ಬಳಕೆಯಿಂದಲೇ ಹೊರಗಿಟ್ಟಿತು. ಒಳ್ಳೆಯ ಎಡಿಟರ್ ಎಂದರೆ ವರ್ಡ್ ಕಡತದಿಂದ ಅಂಟಿಸಿದ ಪಠ್ಯದಲ್ಲಿನ ಅಕ್ಷರಶೈಲಿಯ ಕಸವನ್ನು ತೆಗೆದು ಶುದ್ಧಗೊಳಿಸುವಂಥದು ಎಂಬ ಅಭಿಪ್ರಾಯ ಈ ನಿಯಮದ ಫಲ. ನಿಯಮ ತನ್ನ ನೆಲೆಯಲ್ಲಿ ಸರಿ. ಆದರೆ ಹಳೆಯ ನುಡಿ ಅಥವಾ ಬರಹ ಅಕ್ಷರಶೈಲಿಯ ಕಡತದಲ್ಲಿ ಅಕ್ಷರಶೈಲಿಯ ಹೆಸರೊಂದೇ ಆ ಪಠ್ಯ ಕನ್ನಡವೆಂಬುದಕ್ಕೆ ಸಾಕ್ಷಿ. ಅದನ್ನು ತೊಳೆದೊಡನೆ 'ಕನ್ನಡ' ಎಂಬ ಪದ ಒಂದು ಲ್ಯಾಟಿನ್ 'ಪಿ', ಮೂರು ಓರೆಗೆರೆಯ 'ಎ', ಒಂದು ಪೌಂಡ್ ಚಿಹ್ನೆ, ಜರ್ಮನ್ನರ ಜೋಡಿ 'ಎಸ್', ಒಂದು 'ಕ್ಯೂ' ಆಗಿ ಉಳಿಯುತ್ತದೆ. ರೂಪವೆಂದು ಬಗೆದು ತೆಗೆದದ್ದು ವಿಷಯವೇ ಆಗಿತ್ತು. ಶುದ್ಧೀಕರಣಕ್ಕೆ ಮುನ್ನ ಅಕ್ಷರಶೈಲಿಯ ಹೆಸರನ್ನು ಓದಿ, ಪಠ್ಯವನ್ನು ಯೂನಿಕೋಡಿಗೆ ಪರಿವರ್ತಿಸಿ, ಆಮೇಲೆ ತೊಳೆಯುವ ಕ್ರಮ ಸಾಧ್ಯವಿದೆ. ಎಡಿಟರುಗಳ ಹೋಲಿಕೆಯ ಪಟ್ಟಿಗಳಲ್ಲಿ ಅದಕ್ಕೆ ಒಂದು ಕಂಬಸಾಲು ಇರುವುದಿಲ್ಲ.

ಹಾಗೆಂದು ಯೂನಿಕೋಡನ್ನು ಶುದ್ಧ ಧ್ವನಿಮಾತ್ಮಕ ಪದ್ಧತಿಯೆಂದು ಎತ್ತಿಹಿಡಿಯುವುದು ಇನ್ನೊಂದು ಅತಿ. ಅದರ ವಿಘಟನೆಯ ನಿಯಮದಂತೆ 'ಕೊ' ಎಂಬಲ್ಲಿನ ಒತ್ವವು ಎತ್ವ ಮತ್ತು ಕೊಂಬಿನ ಇಳಿಗಳ ಮೊತ್ತಕ್ಕೆ ಸಮ. 'ಕೋ' ಅದರ ಮೇಲೆ ಇನ್ನೊಂದು ದೀರ್ಘಚಿಹ್ನೆ. ಹ್ರಸ್ವ 'ಒ' ಎಂಬ ಸ್ವರ 'ಎ' ಮತ್ತು 'ಊ'ಗಳ ಕೂಟವೆಂದು ಯಾವ ಧ್ವನಿಶಾಸ್ತ್ರವೂ ಹೇಳುವುದಿಲ್ಲ. ಇದು ನುಡಿಯ ಹಳೆಯ ಕಡತ ಮಾಡುವ ವಿಭಜನೆಯೇ. ಮುಂಬಾಗಿಲಿನಿಂದ ಹೊರಹೋದ ಮೊಳೆ ಹಿತ್ತಿಲಿನಿಂದ ಒಳಬಂದಿದೆ. 'ಪೇ' ಎಂಬಲ್ಲಿಯೂ ಹೀಗೆಯೇ. ಆದ್ದರಿಂದ 'ಗುಂಡ್ಲುಪೇಟೆ' ಒಂದು ಕಡತದಲ್ಲಿ 11 ಸಂಕೇತ, ಇನ್ನೊಂದರಲ್ಲಿ 12. ಎರಡೂ ನಿಯಮಬದ್ಧ, ಎರಡೂ ಕಣ್ಣಿಗೆ ಒಂದೇ. ಅರ್ಜಿ ನಮೂನೆಯ ಸ್ಥಳನಾಮದ ಖಾನೆಗೆ ಹತ್ತರ ಮಿತಿಯಿಟ್ಟರೆ ರೋಮನ್ ಲಿಪಿಯ ಒಂಬತ್ತು ಅಕ್ಷರದ ಹೆಸರು ಸಲೀಸಾಗಿ ಹಿಡಿಯುತ್ತದೆ. ನಾಲ್ಕೇ ಅಕ್ಷರಗಳ ಕನ್ನಡದ ಹೆಸರು ಮೊದಲ ಕಡತದಲ್ಲಿ 'ಗುಂಡ್ಲುಪೇಟ' ಎಂದೂ ಎರಡನೆಯದರಲ್ಲಿ 'ಗುಂಡ್ಲುಪೇ' ಎಂದೂ ಕತ್ತರಿಸಿಕೊಳ್ಳುತ್ತದೆ. ಮೊದಲನೆಯದು ಹೆಚ್ಚು ಅಪಾಯಕಾರಿ, ಏಕೆಂದರೆ ಅದು ತಪ್ಪೆಂದು ಕಾಣುವುದೇ ಇಲ್ಲ.

ಯೂನಿಕೋಡಿನ ಅಕ್ಷರನಾಮಗಳಲ್ಲಿಯೂ ಒಂದು ಹಳೆಯ ಕಲೆ ಉಳಿದಿದೆ. ಹಳಗನ್ನಡದ 'ೞ'ಕಾರಕ್ಕೆ ಅಲ್ಲಿ ದಾಖಲಾದ ಹೆಸರು 'ಫ'. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನೀತಿಯಿಂದಾಗಿ ತಿದ್ದುಪಡಿ ಒಂದು ಉಪನಾಮವಾಗಿ ಮಾತ್ರ ಸೇರಿದೆ. ಎಡಿಟರಿನ ವಿಶೇಷಾಕ್ಷರಗಳ ಫಲಕವನ್ನು ಈ ಹೆಸರುಗಳಿಂದ ಯಾಂತ್ರಿಕವಾಗಿ ತಯಾರಿಸಿದರೆ ಶಾಸನಪಾಠ ಊಡಿಸುವವನು ೞಕಾರವನ್ನು ಫಕಾರದ ಹೆಸರಿನಡಿ ಹುಡುಕಬೇಕು. ಎಪಿಗ್ರಾಫಿಯ ಕರ್ನಾಟಿಕದ ಪರಿಷ್ಕೃತ ಮಾಲೆಯ ಮೂರನೆಯ ಸಂಪುಟದಲ್ಲಿ ಗುಂಡ್ಲುಪೇಟೆಯ, ನಾಲ್ಕನೆಯದರಲ್ಲಿ ಚಾಮರಾಜನಗರದ ಶಾಸನಗಳಿವೆ. ೞಕಾರ ಅಲ್ಲಿ ಅಲಂಕಾರವಲ್ಲ, ಕಾಲನಿರ್ಣಯದ ಆಧಾರ.

ಹೆಚ್ಚು ಚರ್ಚೆಗೆ ಅರ್ಹವಾದ ಸಂಗತಿ 'ಅಕ್ಷರಗುಚ್ಛ'ದ್ದು. ಬಳಕೆದಾರ ಒಂದೇ ಅಕ್ಷರವೆಂದು ಗ್ರಹಿಸುವ ಘಟಕವನ್ನು ಯೂನಿಕೋಡಿನ 29ನೆಯ ಅನುಬಂಧ ವ್ಯಾಖ್ಯಾನಿಸುತ್ತದೆ. 2023ರ 15.1 ಆವೃತ್ತಿಯಲ್ಲಿ ಸಂಯುಕ್ತಾಕ್ಷರಗಳನ್ನು ಒಡೆಯದಂತೆ ಕಾಯುವ ಹೊಸ ನಿಯಮ ಸೇರಿತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ ಅದು ಅನ್ವಯವಾಯಿತು, ಕನ್ನಡಕ್ಕೆ ಆಗಲಿಲ್ಲ. ಪರಿಣಾಮವಾಗಿ 'ಗುಂಡ್ಲುಪೇಟೆ' ಎಂಬ ಹೆಸರು ತೆಲುಗು ಲಿಪಿಯಲ್ಲಿ ನಾಲ್ಕು ಗುಚ್ಛ, ಕನ್ನಡ ಲಿಪಿಯಲ್ಲಿ ಐದು: ಗುಂ, ಡ್, ಲು, ಪೇ, ಟೆ. ಒಂದೇ ಮೂಲದ ಎರಡು ಲಿಪಿಗಳು, ಎರಡರಲ್ಲೂ ಒತ್ತಕ್ಷರ ಕೆಳಗೇ ಬರುತ್ತದೆ. ಈ ಭೇದಕ್ಕೆ ಲಿಪಿವ್ಯವಸ್ಥೆಯಲ್ಲಿ ನನಗೆ ಆಧಾರ ಕಾಣುವುದಿಲ್ಲ. ಬ್ರೌಸರಿನ ವಿಭಾಜಕ ಸೌಲಭ್ಯವನ್ನು ನಂಬಿ ಅಕ್ಷರ ಎಣಿಸುವ ಎಡಿಟರ್ ಈ ಭೇದವನ್ನು ಹಾಗೆಯೇ ಉಣ್ಣುತ್ತದೆ. ಮನೋಭಾಷಾವಿಜ್ಞಾನದ ಪ್ರಯೋಗಗಳಿಗೆ ಪದಗಳ ಅಕ್ಷರದೀರ್ಘತೆಯನ್ನು ಇಂಥ ಎಣಿಕೆಯಿಂದ ಪಡೆಯುವವರು ಎಚ್ಚರದಿಂದಿರಬೇಕು.

ಆದರೆ ಇದರಿಂದ ಎಡಿಟರಿನ ಪ್ರತಿಯೊಂದು ಕ್ರಿಯೆಯೂ ಅಕ್ಷರವನ್ನೇ ಘಟಕವಾಗಿ ಹಿಡಿಯಬೇಕೆಂಬ ವಾದ ಹುಟ್ಟುವುದಿಲ್ಲ. ಸಾಮಾನ್ಯವಾಗಿ ಬ್ಯಾಕ್‌ಸ್ಪೇಸ್ ಒತ್ತಿದರೆ ಕೊನೆಯ ಸಂಕೇತವೊಂದೇ ಅಳಿಯುತ್ತದೆ: 'ಡ್ಲು' ಹೋಗಿ 'ಡ್ಲ', ಆಮೇಲೆ 'ಡ್', ಆಮೇಲೆ 'ಡ'. ಇದನ್ನು ದೋಷವೆಂದು ಎಣಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ಬರೆಯುವವನು ಬೆರಳಿನಿಂದ ಕಟ್ಟಿದ ಕ್ರಮವನ್ನು ಬೆರಳಿನಿಂದಲೇ ಬಿಚ್ಚುತ್ತಾನೆ. ತಪ್ಪಿದ ಕೊಂಬಿಗಾಗಿ ಇಡೀ ಸಂಯುಕ್ತವನ್ನು ಮತ್ತೆ ಊಡುವುದು ದಂಡ. ಕರ್ಸರಿನ ಚಲನೆಗೆ ಅಕ್ಷರ, ಅಳಿಸುವಿಕೆಗೆ ಧ್ವನಿಮಾ: ಕನ್ನಡ ಲಿಪಿ ಈ ಎರಡು ನೆಲೆಗಳನ್ನೂ ಏಕಕಾಲಕ್ಕೆ ಬಯಸುತ್ತದೆ. ಒಂದೇ ಘಟಕವನ್ನು ಎಲ್ಲೆಡೆ ಹೇರುವ 'ಏಕರೂಪತೆ'ಯ ಆಗ್ರಹ ಕೋಡಿನ ಶಿಸ್ತಾಗಬಹುದು, ಲಿಪಿಯದಲ್ಲ.

ಕೊನೆಯದಾಗಿ, ಕಾಣದ ಚಿಹ್ನೆಗಳು. 'ಸಾಫ್ಟ್‌ವೇರ್' ಎಂಬಲ್ಲಿ ವಕಾರ ಒತ್ತಾಗದಂತೆ ತಡೆಯುವುದು ಶೂನ್ಯ ಅಗಲದ ಬೇರ್ಪಡಕ. 'ರ‍್ಯಾಂಕ್' ಎಂಬಲ್ಲಿ ಅರ್ಕಾವೊತ್ತನ್ನು ತಡೆದು ರಕಾರವನ್ನು ಪೂರ್ಣವಾಗಿ ಉಳಿಸುವುದು ಶೂನ್ಯ ಅಗಲದ ಜೋಡಕ. ಇವು ಉಚ್ಚಾರವನ್ನು ಬದಲಿಸುವುದಿಲ್ಲವಾದ್ದರಿಂದ ಇವನ್ನು ಅಲಂಕಾರವೆಂದು ತಿಳಿದು ತೆಗೆಯುವ ಶುದ್ಧೀಕರಣ ಕೋಡುಗಳಿವೆ. 'ಹೋಗಿಬಿಟ್ಟ' ಎಂಬುದರ ಆಡುರೂಪವನ್ನು 'ಓಗ್ಬುಟ್ಟ' ಎಂದೂ ಬರೆಯಬಹುದು, 'ಓಗ್‌ಬುಟ್ಟ' ಎಂದೂ ಬರೆಯಬಹುದು. ಎರಡನೆಯದು ಕ್ರಿಯಾಧಾತು ಮತ್ತು ಸಹಾಯಕ ಕ್ರಿಯೆಗಳ ನಡುವಿನ ಸೇರುವೆಯನ್ನು ತೋರಿಸುವ ಲಿಪ್ಯಂತರಕಾರನ ವಿಶ್ಲೇಷಣೆ. ಬೇರ್ಪಡಕವನ್ನು ತೆಗೆದ ಎಡಿಟರ್ ಒಂದು ಆಕೃತಿಮಾ ಗಡಿಯನ್ನು ಅಳಿಸಿದೆ. ಅಳಿಸದಿದ್ದರೂ ತೊಡಕು ಬೇರೆ ಬಗೆಯಲ್ಲಿ ಬರುತ್ತದೆ. ಟೈನಿಎಂಸಿಇ ಎಂಬ ಎಡಿಟರಿನಲ್ಲಿ ಇಂಥ ಚಿಹ್ನೆಗಳನ್ನು ಹೆಸರಿನಿಂದ, ಅಂಕೆಯಿಂದ ಅಥವಾ ಇದ್ದ ಹಾಗೆಯೇ ಉಳಿಸುವ ಮೂರು ಆಯ್ಕೆಗಳಿವೆ. ಹೆಸರಿನ ಆಯ್ಕೆಯಲ್ಲಿ ಉಳಿದ ಪಠ್ಯದ ನಡುವೆ ಇಂಗ್ಲಿಷ್ ಅಕ್ಷರಗಳ ಒಂದು ತುಣುಕು ಸೇರಿಕೊಳ್ಳುತ್ತದೆ; ದತ್ತಸಂಚಯದಲ್ಲಿ ನೇರವಾಗಿ ಹುಡುಕಿದರೆ ಆ ಪದ ಸಿಗದು. ಕನ್ನಡಕ್ಕೆ 'ಇದ್ದ ಹಾಗೆಯೇ' ಎಂಬುದೇ ಸರಿಯಾದ ಆಯ್ಕೆ.

ಭಾಷೆಯ ಗುರುತಿನ ಮಾತೂ ಇದಕ್ಕೆ ಹೊಂದಿಕೊಂಡಿದೆ. ಪುಟದ ಒಂದು ಭಾಗ ಬೇರೆ ಭಾಷೆಯಲ್ಲಿದ್ದರೆ ಅದನ್ನು ಗುರುತಿಸಬೇಕೆಂದು ಜಾಲಸುಗಮ್ಯತೆಯ ಮಾರ್ಗಸೂಚಿಯ 3.1.2ನೆಯ ಮಾನದಂಡ ಹೇಳುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನುಡಿಗೆ ಅಂತಾರಾಷ್ಟ್ರೀಯ ಪಟ್ಟಿಯಲ್ಲಿ 'ಎಸ್‌ಎಲ್‌ಇ' ಎಂಬ ಪ್ರತ್ಯೇಕ ಸಂಕೇತವಿದೆ. ಜೇನುಕುರುಬ, ಬೆಟ್ಟಕುರುಬ ನುಡಿಗಳಿಗೂ ಇದೆ. ಕನ್ನಡ ಲಿಪಿಯಲ್ಲಿ ಬರೆದ ಸೋಲಿಗ ಹಾಡನ್ನು ಎಡಿಟರ್ ಕನ್ನಡವೆಂದೇ ಗುರುತಿಸಿದರೆ ಕಾಗುಣಿತ ಪರೀಕ್ಷಕ ಅದರ ಪ್ರತಿ ಪದದ ಕೆಳಗೂ ಕೆಂಪುಗೆರೆ ಎಳೆಯುತ್ತದೆ. ಆ ಗೆರೆಗೆ ಮಣಿದು ಊಡಿಸುವವನು ಪದವನ್ನೇ ತಿದ್ದುತ್ತಾನೆ. ಭಾಷೆಯ ಪಟ್ಟಿಗೆ ಹೊಸ ಸಂಕೇತ ಸೇರಿಸಲು ಅವಕಾಶವಿರುವ ಎಡಿಟರ್ ಮತ್ತು ಇಲ್ಲದ ಎಡಿಟರ್ ಎಂಬ ಭೇದ, ಈ ಜಿಲ್ಲೆಯ ಮಟ್ಟಿಗೆ, ಪರವಾನಗಿ ಮತ್ತು ಗಾತ್ರಗಳ ಭೇದಕ್ಕಿಂತ ದೊಡ್ಡದು.

ಎಡಿಟರನ್ನು ಆರಿಸುವ ಮುನ್ನ ನಡೆಸಬಹುದಾದ ಪರೀಕ್ಷೆ ಅರ್ಧ ಗಂಟೆಯದು. 'ಗುಂಡ್ಲುಪೇಟೆ'ಯನ್ನು ಎರಡೂ ಸಂಕೇತಕ್ರಮಗಳಲ್ಲಿ ಊಡಿಸಿ ಒಂದರಿಂದ ಇನ್ನೊಂದನ್ನು ಹುಡುಕುವುದು; 'ರ‍್ಯಾಂಕ್' ಮತ್ತು 'ಓಗ್‌ಬುಟ್ಟ'ಗಳನ್ನು ಉಳಿಸಿ, ಮುಚ್ಚಿ, ಮತ್ತೆ ತೆರೆದು ಸಂಕೇತಗಳನ್ನು ಎಣಿಸುವುದು; ನುಡಿಯ ಹಳೆಯ ಕಡತದಿಂದ ಒಂದು ಸಾಲನ್ನು ಅಂಟಿಸುವುದು; ೞಕಾರವನ್ನು ಫಲಕದಲ್ಲಿ ಹುಡುಕುವುದು; ಒಂದು ಸಾಲಿಗೆ ಸೋಲಿಗ ನುಡಿಯ ಗುರುತು ಹಚ್ಚುವುದು. ಈ ಪರೀಕ್ಷೆಗೆ ಬೇಕಾದ ಪದಗಳನ್ನು ಒದಗಿಸುವ ಕೆಲಸ ಡೆವಲಪರ್‌ಗಳದ್ದಲ್ಲ, ಭಾಷಾವಿಜ್ಞಾನ ವಿಭಾಗಗಳದ್ದು.