ಹಿಂದಿಯ ಬದಲಿಗೆ ಸಿಕ್ಕ ಕಸುಬು

ಎಸ್ಸೆಸ್ಸೆಲ್ಸಿ ವೇಳಾಪಟ್ಟಿಯಲ್ಲಿ ತೃತೀಯ ಭಾಷೆಯ ದಿನದ ಸಾಲನ್ನೊಮ್ಮೆ ನೋಡಿ. ಹಿಂದಿ, ಸಂಸ್ಕೃತ, ಉರ್ದು, ತುಳು, ಕೊಂಕಣಿಗಳ ಬೆನ್ನಿಗೇ ಮಾಹಿತಿ ತಂತ್ರಜ್ಞಾನ, ರೀಟೇಲ್, ಆಟೊಮೊಬೈಲ್, ಬ್ಯೂಟಿ ಅಂಡ್ ವೆಲ್‌ನೆಸ್ ನಿಂತಿರುತ್ತವೆ. ಆಯ್ದ ಸರ್ಕಾರಿ ಪ್ರೌಢಶಾಲೆಗಳಲ್ಲಿ ಒಂಬತ್ತು, ಹತ್ತನೇ ತರಗತಿಯ ಮಕ್ಕಳು ಮೂರನೇ ಭಾಷೆ ಬಿಟ್ಟು ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟಿನ (ಎನ್‌ಎಸ್‌ಕ್ಯುಎಫ್) ಈ ವೃತ್ತಿ ವಿಷಯಗಳಲ್ಲಿ ಒಂದನ್ನು ತೆಗೆದುಕೊಳ್ಳಬಹುದು. ನಮ್ಮ ಹೈಸ್ಕೂಲಿನಲ್ಲಿ ವೃತ್ತಿ ಶಿಕ್ಷಣಕ್ಕೆ ದಕ್ಕಿರುವುದು ಇಷ್ಟೇ ಜಾಗ: ಇನ್ನೊಂದು ವಿಷಯ ಬಿಟ್ಟುಕೊಟ್ಟ ಕುರ್ಚಿ.

ಯೋಜನೆಯಲ್ಲಿ ಒಳ್ಳೆಯದೇ ಇಲ್ಲವೆಂದಲ್ಲ. ಕೈಯಿಂದ ಮಾಡಿ ಕಲಿಯುವುದಕ್ಕೂ ಅಂಕ ಸಿಗುತ್ತದೆ. ಪಠ್ಯದಾಚೆಯ ಕೆಲಸದ ಜಾಗಗಳನ್ನು ಮಕ್ಕಳಿಗೆ ತೋರಿಸಬೇಕೆಂಬ ಆಶಯವಿದೆ. ಬಾಯಿಪಾಠದಲ್ಲಿ ಹಿಂದುಳಿದ ಹುಡುಗನೊಬ್ಬ ಎಂಜಿನ್ ಬಿಚ್ಚಿ ಜೋಡಿಸುವುದರಲ್ಲಿ ಮುಂದೆ ಬಂದರೆ, ತರಗತಿ ಅವನನ್ನು ಬೇರೆ ಕಣ್ಣಿನಿಂದ ನೋಡುತ್ತದೆ. ಶಾಲೆ ಬದಲಾಗುವುದು ಇಂಥ ಕಡೆಯೇ.

ತೊಡಕಿರುವುದು ವಿಷಯಗಳ ಆಯ್ಕೆಯಲ್ಲಿ. ದೊಡ್ಡಬಳ್ಳಾಪುರ ತಾಲ್ಲೂಕನ್ನೇ ನೋಡಿ. ಅಲ್ಲಿಂದ ಗೌರಿಬಿದನೂರಿನ ಕಡೆ ಹೋಗುವ ರೈಲುಹಳಿಯ ಪಕ್ಕದಲ್ಲೇ ಇದೆ ಮಾಕಳಿದುರ್ಗ. ಮೇಲೆ ಕೋಟೆ ಹೊತ್ತ ಕಲ್ಲುಬೆಟ್ಟ, ಸನಿಹದಲ್ಲಿ ದನಗಳ ಜಾತ್ರೆಗೆ ಹೆಸರಾದ ಘಾಟಿ ಸುಬ್ರಹ್ಮಣ್ಯ. ಪೇಟೆಯ ಕಡೆ ಬಂದರೆ ರೇಷ್ಮೆ ಸೀರೆ ನೇಯುವ ವಿದ್ಯುತ್ ಮಗ್ಗಗಳು, ಬಾಶೆಟ್ಟಿಹಳ್ಳಿಯ ಕಾರ್ಖಾನೆಗಳು, ಅಪಾರೆಲ್ ಪಾರ್ಕು. ಹೈನು, ನೇಯ್ಗೆ, ಯಂತ್ರ, ಸಿದ್ಧ ಉಡುಪು ಎಲ್ಲವೂ ಒಂದೇ ತಾಲ್ಲೂಕಿನಲ್ಲಿವೆ. ಆದರೆ ಶಾಲೆ ಆರಿಸಿಕೊಳ್ಳುವುದು ಊರು ನೋಡಿ ಅಲ್ಲ, ಮೇಲಿನಿಂದ ಬಂದ ಪಟ್ಟಿ ನೋಡಿ. ಆ ಪಟ್ಟಿಗೆ ದೊಡ್ಡಬಳ್ಳಾಪುರವೂ ಒಂದೇ, ಬೀದರವೂ ಒಂದೇ.

ಒಂದು ಮಗ್ಗದ ಮನೆಯನ್ನೇ ತೆಗೆದುಕೊಳ್ಳಿ. ಮಗ್ಗದ ಮೇಲಿನ ಹಳೆಯ ಜಕಾರ್ಡ್ ಯಂತ್ರದಿಂದ ರಟ್ಟಿನ ಪಟ್ಟಿಗಳ ಸರ ಇಳಿಬಿದ್ದಿರುತ್ತದೆ. ಪಟ್ಟಿಯಲ್ಲಿ ತೂತಿದ್ದ ಕಡೆ ಸೂಜಿ ಒಳಹೊಕ್ಕು ಹಾಸಿನ ಎಳೆ ಮೇಲೇಳುತ್ತದೆ. ತೂತಿಲ್ಲದ ಕಡೆ ಎಳೆ ಕೆಳಗೇ ಉಳಿಯುತ್ತದೆ. ಲಾಳಿ ನಡುವೆ ಹಾದುಹೋಗುತ್ತದೆ. ಹೀಗೆ ಸಾವಿರಾರು ಸಲ ನಡೆದರೆ ಸೆರಗಿನಲ್ಲಿ ಒಂದು ನವಿಲು ಮೂಡುತ್ತದೆ. ತೂತು ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಕಂಪ್ಯೂಟರಿನ ಲೆಕ್ಕವೂ ಇದೇ. 1804ರ ಸುಮಾರಿಗೆ ಫ್ರಾನ್ಸಿನ ಜಕಾರ್ಡ್ ರೂಪಿಸಿದ ಈ ಉಪಾಯವೇ ಮುಂದೆ ಗಣಕಯಂತ್ರದ ಚರಿತ್ರೆಯಲ್ಲೂ ಸೇರಿತು. ಮಾಹಿತಿ ತಂತ್ರಜ್ಞಾನದ ಪಾಠವನ್ನು ಇಲ್ಲಿಂದ ಶುರುಮಾಡಿದರೆ ಮಗು ಗಣಿತಕ್ಕೂ ಹತ್ತಿರವಾಗುತ್ತದೆ, ಊರಿಗೂ ಹತ್ತಿರವಾಗುತ್ತದೆ. ಟೈಪಿಂಗ್, ಸ್ಪ್ರೆಡ್‌ಶೀಟುಗಳಲ್ಲೇ ಮುಗಿದರೆ ಎರಡಕ್ಕೂ ದೂರವೇ.

ಹಾಗೆಂದು ನೇಕಾರರ ಮಕ್ಕಳಿಗೆ ನೇಯ್ಗೆ, ರೈತರ ಮಕ್ಕಳಿಗೆ ಬೇಸಾಯ ಎಂದು ಹಂಚಿದರೆ ಅದು ಇನ್ನೂ ದೊಡ್ಡ ತಪ್ಪು. 1953ರಲ್ಲಿ ಮದರಾಸಿನ ಮುಖ್ಯಮಂತ್ರಿ ರಾಜಾಜಿ ಶಾಲೆಯ ಹೊತ್ತನ್ನು ಕಡಿಮೆ ಮಾಡಿ, ಉಳಿದ ಹೊತ್ತಿನಲ್ಲಿ ಮಕ್ಕಳು ಮನೆಯ ಕಸುಬು ಕಲಿಯಲಿ ಎಂದರು. ಜಾತಿಗೆ ಕಟ್ಟಿಹಾಕುವ ಶಿಕ್ಷಣವೆಂದು ಜನ ಸಿಡಿದೆದ್ದರು. ಮರುವರ್ಷ ರಾಜಾಜಿ ಅಧಿಕಾರ ಬಿಟ್ಟರು, ಅವರ ನಂತರ ಬಂದ ಕಾಮರಾಜರು ಯೋಜನೆ ಕೈಬಿಟ್ಟರು. ಮಗ್ಗದ ಮನೆಯ ಹುಡುಗಿಗೆ ಮತ್ತೆ ಮಗ್ಗ ಕಲಿಸಲು ಶಾಲೆ ಬೇಕಿಲ್ಲ. ಅದರ ಮೋಟಾರು, ಬಣ್ಣದ ರಸಾಯನ, ವಿನ್ಯಾಸದ ಸಾಫ್ಟ್‌ವೇರು, ಸೀರೆಯ ಅಸಲು–ಲಾಭದ ಲೆಕ್ಕ ಕಲಿಸಲು ಶಾಲೆ ಬೇಕು. ಡಾಕ್ಟರ ಮಗನಿಗೂ ಅದೇ ಪಾಠ ಸಿಗಬೇಕು. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕಸುಬನ್ನು ಓದಿನ ನಡುಮಧ್ಯಕ್ಕೆ ತಂದದ್ದು ಎಲ್ಲ ಮಕ್ಕಳಿಗಾಗಿ. ಬಡವರ ಮಕ್ಕಳಿಗಷ್ಟೇ ಅಲ್ಲ.

ಕಾಗದದ ಮೇಲೆ ನಾವು ಎಂದೂ ಹಿಂದೆ ಬಿದ್ದವರಲ್ಲ. 1986ರ ರಾಷ್ಟ್ರೀಯ ನೀತಿ 1995ರೊಳಗೆ ಪಿಯುಸಿ ಹಂತದ ಶೇ 25ರಷ್ಟು ಮಕ್ಕಳನ್ನು ವೃತ್ತಿ ಶಿಕ್ಷಣಕ್ಕೆ ತರುತ್ತೇನೆಂದಿತು. 2020ರ ನೀತಿ 2025ರ ಹೊತ್ತಿಗೆ ಕನಿಷ್ಠ ಅರ್ಧದಷ್ಟು ವಿದ್ಯಾರ್ಥಿಗಳಿಗೆ ಅದರ ಪರಿಚಯವಾಗಬೇಕೆಂದಿತು. ಅದೇ ದಸ್ತಾವೇಜು ಹೇಳುವಂತೆ 19ರಿಂದ 24ರ ವಯಸ್ಸಿನ ದುಡಿಯುವವರಲ್ಲಿ ವೃತ್ತಿ ಶಿಕ್ಷಣ ಪಡೆದವರು ಶೇ 5ಕ್ಕಿಂತ ಕಡಿಮೆ. ಜರ್ಮನಿಯಲ್ಲಿ ಶೇ 75, ದಕ್ಷಿಣ ಕೊರಿಯಾದಲ್ಲಿ ಶೇ 96. ಕರ್ನಾಟಕದಲ್ಲೇ ಪಿಯು ಮಟ್ಟದಲ್ಲಿ ಉದ್ಯೋಗಾಧಾರಿತ (ಜೆಒಸಿ) ಕೋರ್ಸುಗಳು ಬಂದು, ಅರೆಕಾಲಿಕ ಉಪನ್ಯಾಸಕರ ಬೆನ್ನ ಮೇಲೆ ದಶಕಗಟ್ಟಲೆ ನಡೆದು, ಕೊನೆಗೆ ಮುಚ್ಚಿದವು. ಓದಿದವರಿಗೆ ಮುಂದಿನ ದಾರಿ ಕಿರಿದಾಗಿತ್ತು. ಕಲಿಸುವವರಿಗೆ ನಾಳಿನ ಭರವಸೆ ಇರಲಿಲ್ಲ. ಇಂದಿನ ಎನ್‌ಎಸ್‌ಕ್ಯುಎಫ್ ತರಬೇತುದಾರರೂ ಹೊರಗುತ್ತಿಗೆಯವರೇ. ಹಳೆಯ ರೋಗಕ್ಕೆ ಹೊಸ ಹೆಸರಿಟ್ಟರೆ ವಾಸಿಯಾಗದು.

ಈಗೊಂದು ಸಂದರ್ಭ ಒದಗಿದೆ. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟಿನಲ್ಲಿ ಕೊಟ್ಟ ವರದಿ ದ್ವಿಭಾಷಾ ನೀತಿಯನ್ನು ಶಿಫಾರಸು ಮಾಡಿದೆ. ಮೂರನೇ ಭಾಷೆ ಹೋದರೆ ಅದರ ನೆರಳಿನಲ್ಲಿ ಕುಳಿತ ವೃತ್ತಿ ವಿಷಯದ ಗತಿಯೇನು? ಭಾಷೆಯ ಜೊತೆಗೇ ಅದನ್ನೂ ತೆಗೆದುಹಾಕುವುದು ಸುಲಭ. ಬದಲಿಗೆ ಅದಕ್ಕೆ ಸ್ವಂತ ಪರೀಕ್ಷಾ ಪತ್ರಿಕೆ, ಕಾಯಂ ಶಿಕ್ಷಕರು, ತಾಲ್ಲೂಕಿಗೆ ತಕ್ಕ ಪಠ್ಯ ಕೊಡಬೇಕು; ಖಾಸಗಿ ಶಾಲೆಗಳಿಗೂ ಕಡ್ಡಾಯ ಮಾಡಬೇಕು. ಸರ್ಕಾರಿ ಶಾಲೆಗೆ ಮಾತ್ರ ಕಸುಬು, ಉಳಿದವರಿಗೆ ಕೋಚಿಂಗ್ ಎಂಬ ಏರ್ಪಾಟು ಸುಧಾರಣೆಯಲ್ಲ, ವಿಂಗಡಣೆ.